ನೂರರಲ್ಲಿ ಒಂದು ಪಾಲು

ಜನವರಿ 9

ಮೊಂಡನಿಗೆ,

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ನಿನ್ನ ಕಾಗದ ಮೊದಲ ಸಲ ಓದಿದಾಗ ಹೆದರಿಕೆಯಾಯಿತು. ಎರಡನೆಯ ಸಲ ಸಿಟ್ಟು ಬಂತು. ಮೂರನೆಯ ಸಲ ಓದದೆ ದೇವರ ಪಟದ ಮುಂದೆ ಇಟ್ಟು ಕೈಮುಗಿದೆ. ಈಗ ಉತ್ತರ ಬರೆಯಲು ಕೂತಿದ್ದೇನೆ.

ಮತ್ತೆ ಆ ಕ್ರಿಪ್ಟೊ ವ್ಯಾಪಾರಕ್ಕೇ ಇಳಿಯುತ್ತೇನೆ ಅನ್ನುತ್ತೀಯಲ್ಲ, ಒಲೆಯಲ್ಲಿ ಮೂತಿ ಸುಟ್ಟುಕೊಂಡ ಬೆಕ್ಕು ಕೂಡ ಮತ್ತೆ ಒಲೆ ಹತ್ತುವುದಿಲ್ಲ. ನೀನು ಬೆಕ್ಕಿಗಿಂತ ಕಡೆಯೇನೋ? ಕಣ್ಣಿಗೆ ಕಾಣದ ನಾಣ್ಯ, ಕೈಗೆ ಸಿಗದ ನಾಣ್ಯ. ಎರಡು ವರ್ಷದ ಹಿಂದೆ ಮನೆ ಕಟ್ಟಲೆಂದು ಕೂಡಿಟ್ಟದ್ದನ್ನೆಲ್ಲ ಅಂಥದೇ ಒಂದು ನಾಣ್ಯದ ಮೇಲೆ ಸುರಿದೆ. ಅದು ಮಕಾಡೆ ಬಿತ್ತು. ನಿನ್ನ ಹೆಂಡತಿ ಮಗಳನ್ನು ಕರೆದುಕೊಂಡು ತವರಿಗೆ ಹೋದಳು. ಹೋಗುವ ದಿನ ನನ್ನ ಕಿವಿಯ ಹತ್ತಿರ ಬಾಯಿಟ್ಟು ಕೂಗಿದಳು: "ದುಡ್ಡು ಹೋಯ್ತು ಅಂತ ಹೋಗ್ತಿಲ್ಲ ಅತ್ತಿಗೆ, ನನಗೊಂದು ಮಾತು ಹೇಳಲಿಲ್ಲವಲ್ಲ ಅಂತ ಹೋಗ್ತಿದೀನಿ." ನನಗೆ ಪೂರ್ತಿ ಕೇಳಿಸಿದ ಕಡೆಯ ಮಾತುಗಳಲ್ಲಿ ಅದೂ ಒಂದು.

ನಿನ್ನ ಕಾಗದದಲ್ಲಿ, ಈ ಸಲ ನಿಯಮ ಇದೆ, ಆದರೆ ನನ್ನ ನಿಯಮವನ್ನು ನಾನೇ ಕಾಯುವುದೆಂದರೆ ಬೀಗ ಹಾಕಿ ಕೀಲಿಯನ್ನು ಅದರಲ್ಲೇ ಬಿಟ್ಟ ಹಾಗೆ, ಅದಕ್ಕೆ ಲೆಕ್ಕವನ್ನು ನಿನಗೆ ಬರೆಯುತ್ತೇನೆ, ನೀನು ಸಾಕ್ಷಿಯಾಗಿರು ಎಂದು ಬರೆದಿದ್ದೀಯ. ನಾನು ಓದಿದ್ದು ಹಳ್ಳಿ ಶಾಲೆಯ ಏಳನೆಯ ಕ್ಲಾಸು. ನಿನ್ನ ಲೆಕ್ಕ ನನಗೇನು ತಿಳಿಯುತ್ತದೆ? ಆದರೂ ಬರಿ. ಹೇಳಿ ಮಾಡುವವನಿಗೂ ಹೇಳದೆ ಮಾಡುವವನಿಗೂ ವ್ಯತ್ಯಾಸ ಇದೆ.

ಫೋನಿನಲ್ಲಿ ಬೆರಳು ಒತ್ತಿ ಬರೆಯಲು ಕಲಿ ಅಂತಲೂ ಬರೆದಿದ್ದೀಯ. ಮೂವತ್ತು ವರ್ಷ ಮಗ್ಗದಲ್ಲಿ ನೂಲು ಗಂಟು ಹಾಕಿದ ಬೆರಳು, ಒಂದು ಒತ್ತಿದರೆ ಮೂರು ಬೀಳುತ್ತದೆ. ಕಾಗದವೇ ಇರಲಿ. ನಮ್ಮ ಬಾಗಿಲಿಗೆ ಬರುವ ಕಾಗದ ಎರಡೇ ಬಗೆ, ನಿನ್ನದು ಮತ್ತು ಕರೆಂಟ್ ಬಿಲ್ಲು.

ಹೆಂಡತಿಗೆ ಬರೆದೆಯಾ?

ನಿನ್ನ ಅಕ್ಕ


ಜನವರಿ 27

ಅಕ್ಕಾ,

ನಿನ್ನ ಬೈಗುಳ ತಲುಪಿತು. ಹೊಟ್ಟೆ ತುಂಬಿತು.

ನನ್ನ ಕೆಲಸ ನಿನಗೆ ಗೊತ್ತಲ್ಲ, ಸೇತುವೆ ದಾಟುವ ಮುಂಚೆ ಲಾರಿ ತೂಗುವುದು. ಲಾರಿ ಬಂದು ತೂಕದ ಕಟ್ಟೆಯ ಮೇಲೆ ನಿಲ್ಲುತ್ತದೆ, ನಾನು ಗಾಜಿನ ಗೂಡಿನೊಳಗೆ ಕೂತು ಅಂಕಿ ಓದುತ್ತೇನೆ. ನಿನ್ನೆ ಒಬ್ಬ ಡ್ರೈವರು ಕಿಟಕಿಗೆ ತಲೆ ಹಾಕಿದ. "ಏನ್ ಸಾರ್, ಸ್ವಲ್ಪ ಜಾಸ್ತಿ, ಅಷ್ಟೇ ತಾನೆ? ಸೇತುವೆಗೇನು ಗೊತ್ತಾಗುತ್ತೆ?" ಅಂದ. "ಸೇತುವೆಗೇ ಕಣಪ್ಪ ಮೊದಲು ಗೊತ್ತಾಗೋದು, ಆಮೇಲೆ ನಿನಗೆ" ಅಂದೆ. ಬೈಯುತ್ತ ವಾಪಸು ಹೋಗಿ ಮೂಟೆ ಇಳಿಸಿ ಬಂದ.

ಎರಡು ವರ್ಷದ ಹಿಂದೆ ನಾನು ಆ ಡ್ರೈವರಾಗಿದ್ದೆ. ಎಷ್ಟು ಗೆಲ್ಲಬಹುದು ಅಂತ ನೋಡಿದೆ, ಎಷ್ಟು ಹೇರಬಹುದು ಅಂತ ನೋಡಲಿಲ್ಲ. ಈಗ ಮೊದಲು ತೂಕ, ಆಮೇಲೆ ಸರಕು.

ಕೇಳು. ಸಂಬಳದಲ್ಲಿ ಉಳಿಸಿದ್ದು ಒಂದು ಲಕ್ಷ ಇದೆ. ಒಂದು ಸಲದ ವ್ಯಾಪಾರದಲ್ಲಿ ಅದರ ನೂರರಲ್ಲಿ ಒಂದು ಪಾಲು, ಅಂದರೆ ಸಾವಿರ, ಅಷ್ಟೇ ಕಳೆದುಕೊಳ್ಳಬಹುದು. ಒಂದು ನಾಣ್ಯದ ಬೆಲೆ ಏರಲು ಶುರುವಾಗಿ ನೂರಕ್ಕೆ ಬಂದಿದೆ ಅನ್ನು. ತೊಂಬತ್ತಕ್ಕೆ ಇಳಿದರೆ ನನ್ನ ಎಣಿಕೆ ತಪ್ಪು, ಮಾರಿಬಿಡಬೇಕು ಅಂತ ಕೊಳ್ಳುವ ಮುಂಚೆಯೇ ಗೆರೆ ಎಳೆಯುತ್ತೇನೆ. ಅದಕ್ಕೆ ಸ್ಟಾಪ್ ಲಾಸ್ ಅನ್ನುತ್ತಾರೆ. ಒಂದು ನಾಣ್ಯಕ್ಕೆ ಹತ್ತು ಹೋಗಬಹುದು, ಒಟ್ಟು ಸಾವಿರ ಹೋಗಬಹುದು, ಹಾಗಾದರೆ ಕೊಳ್ಳಬೇಕಾದದ್ದು ನೂರು ನಾಣ್ಯ. ನಾಣ್ಯ ತುಂಬ ಕುಣಿಯುವಂಥದಾದರೆ ಗೆರೆಯನ್ನು ದೂರ ಎಳೆಯಬೇಕು. ಆಗ ಕೊಳ್ಳುವುದು ಇನ್ನೂ ಕಡಿಮೆ.

ಏರುತ್ತಿರುವಷ್ಟು ಕಾಲ ಕೂತಿರುತ್ತೇನೆ, ತಿರುಗಿದರೆ ಇಳಿದುಬಿಡುತ್ತೇನೆ. ಬಸ್ಸಿನ ಹಾಗೆ. ಅದು ಎಲ್ಲಿಗೆ ಹೋಗುತ್ತದೆ ಅಂತ ನನಗೆ ಗೊತ್ತಿಲ್ಲ, ಯಾವ ಕಡೆ ಹೊರಟಿದೆ ಅನ್ನುವುದಷ್ಟೇ ಗೊತ್ತು. ಅದನ್ನೇ ಟ್ರೆಂಡ್ ಅನ್ನುವುದು.

ರೂಮು ಚೆನ್ನಾಗಿದೆ. ಕೆಳಗೆ ಇಸ್ತ್ರಿ ಅಂಗಡಿ. ಸಂಜೆ ಬಂದರೆ ನೆಲ ಬೆಚ್ಚಗಿರುತ್ತದೆ, ಮನೆಯಲ್ಲಿ ಯಾರೋ ಇದ್ದ ಹಾಗೆ.

ಮೊಂಡ


ಫೆಬ್ರವರಿ 14

ಮೊಂಡನಿಗೆ,

ಈಗ ತಿಳಿಯಿತು. ಇದನ್ನು ಮೊದಲೇ ಮಗ್ಗದ ಮಾತಿನಲ್ಲಿ ಹೇಳಬಾರದಾಗಿತ್ತೇ?

ನಮ್ಮ ಮಗ್ಗದಲ್ಲಿ ಉದ್ದಕ್ಕೆ ಹಾಸಿದ ಒಂದೊಂದು ಎಳೆಗೂ ಒಂದೊಂದು ತೆಳ್ಳನೆ ತಗಡಿನ ಪಿನ್ನು ಜೋತಿರುತ್ತದೆ. ಎಳೆ ಕಡಿದರೆ ಆ ಪಿನ್ನು ಕೆಳಗೆ ಬೀಳುತ್ತದೆ, ಬಿದ್ದ ಕೂಡಲೇ ಮಗ್ಗ ತಾನಾಗಿ ನಿಲ್ಲುತ್ತದೆ. ಗಂಟು ಹಾಕಿ ಮತ್ತೆ ನಡೆಸಬೇಕು. ದಿನಕ್ಕೆ ಎಷ್ಟೋ ಸಲ ನಿಲ್ಲುತ್ತಿತ್ತು, ಬೇಸರವಾಗುತ್ತಿತ್ತು. ನನ್ನ ಪಕ್ಕದ ಮಗ್ಗದವಳೊಬ್ಬಳು, ನಾವು ಚೂಟಿ ಅಂತ ಕರೆಯುತ್ತಿದ್ದೆವು, ಪದೇ ಪದೇ ನಿಲ್ಲುವುದು ಬೇಡ ಅಂತ ಪಿನ್ನುಗಳನ್ನು ನೂಲಿನಿಂದ ಮೇಲಕ್ಕೆ ಕಟ್ಟಿಬಿಟ್ಟಳು. ಮಗ್ಗ ನಿಲ್ಲದೆ ಓಡಿತು. ಅವಳು ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ಸಂಜೆ ಬಟ್ಟೆ ಬಿಚ್ಚಿ ನೋಡಿದರೆ ತಲೆಯಿಂದ ಕಾಲಿನ ತನಕ ಒಂದೇ ಸೀಳು. ಇಡೀ ಥಾನು ಹಾಳು. ಮೇಸ್ತ್ರಿ ಅವಳಿಗೆ ಬೈಯಲಿಲ್ಲ, ಆ ಬಟ್ಟೆಯನ್ನು ಅವಳ ಹೆಗಲ ಮೇಲೆ ಹೊದಿಸಿ ನಡೆದುಬಿಟ್ಟ.

ನಿನ್ನ ಗೆರೆ ಆ ಪಿನ್ನು. ಕಟ್ಟಬೇಡ.

ಇನ್ನು ನನ್ನ ಸುದ್ದಿ. ಮಗ್ಗದ ಸದ್ದಿನಲ್ಲಿ ಕಿವಿ ಕಳೆದುಕೊಂಡವರಿಗೆ ಮಿಲ್ಲಿನವರು ಪರಿಹಾರ ಕೊಡುತ್ತಾರಂತೆ. ಪರೀಕ್ಷೆಗೆ ಕರೆದಿದ್ದರು. ಡಾಕ್ಟರು ಚಿಕ್ಕ ಹುಡುಗ, ಒಳ್ಳೆಯವನು. ಕಿರುಚಿ ಸಾಕಾಗಿ ಕಡೆಗೆ ಚೀಟಿಯಲ್ಲಿ ಬರೆದ: "ಅಮ್ಮ, ಕಿವಿಗೆ ಮಿಷನ್ ಹಾಕಿಸಿ. ತಡ ಮಾಡಬೇಡಿ. ಕೇಳದೆ ಇದ್ದು ಇದ್ದು ಕಿವಿ ಮಾತನ್ನೇ ಮರೆತುಬಿಡುತ್ತೆ." ನಾನೂ ಚೀಟಿಯಲ್ಲೇ ಬರೆದೆ: "ಬೈಗುಳ ಮೊದಲು ಮರೆಯುತ್ತೋ, ಹೊಗಳಿಕೆಯೋ?" ಅವನು ನಕ್ಕ. ನಕ್ಕದ್ದು ಕಾಣಿಸಿತು.

ಕಿವಿ ಇಲ್ಲದ್ದರಿಂದ ತೊಂದರೆ ಏನಿಲ್ಲ. ಈಗ ಮಗ್ಗದ ಶೆಡ್ಡಿನಿಂದ ಬಟ್ಟೆ ತಪಾಸಣೆಗೆ ಹಾಕಿದ್ದಾರೆ, ಅಲ್ಲಿ ಕಣ್ಣಿಗೇ ಕೆಲಸ. ಅಂಗಡಿಗೆ ಹೋದರೆ ಅವರು ಏನಂದರೂ ತಲೆಯಾಡಿಸುತ್ತೇನೆ. ಮೊನ್ನೆ ಹಾಗೆ ತಲೆಯಾಡಿಸಿ ಎರಡು ಪೊರಕೆ ಕೊಂಡು ತಂದೆ. ಭಜನೆಗೆ ಹೋಗುತ್ತೇನೆ, ಹಾಡುವುದಿಲ್ಲ, ಕೂರುತ್ತೇನೆ. ದೇವರ ಸನ್ನಿಧಿಯಲ್ಲಿ ಕೂತರೂ ಸಾಕು.

ಹೆಂಡತಿಗೆ ಬರೆದೆಯಾ? ಹೋದ ಸಲವೂ ಕೇಳಿದ್ದೆ.

ಅಕ್ಕ


ಮಾರ್ಚ್ 30

ಅಕ್ಕಾ,

ಲೆಕ್ಕ ಒಪ್ಪಿಸುತ್ತೇನೆ. ಇದುವರೆಗೆ ಎಂಟು ಸಲ ಕೊಂಡೆ, ಏಳು ಸಲ ನಷ್ಟ. ಪಿನ್ನು ಬಿತ್ತು, ಮಗ್ಗ ನಿಂತಿತು, ಗಂಟು ಹಾಕಿದೆ. ಇನ್ನೊಂದರಲ್ಲಿ ಎರಡು ಸಾವಿರ ಬಂತು. ಒಟ್ಟು ಹೋದದ್ದು ಐದು ಸಾವಿರಕ್ಕೆ ಹತ್ತಿರ. ತೊಂಬತ್ತೈದು ಸಾವಿರ ಉಳಿದಿದೆ, ಆದ್ದರಿಂದ ಇನ್ನು ಮುಂದೆ ಒಂದು ಸಲಕ್ಕೆ ಕಳೆದುಕೊಳ್ಳಬಹುದಾದದ್ದು ಸಾವಿರ ಅಲ್ಲ, ಒಂಬೈನೂರೈವತ್ತು. ಸೋತಷ್ಟೂ ಗಾತ್ರ ಕಿರಿದಾಗುತ್ತದೆ. ಹಿಂದೆ ನಾನು ಸೋತಷ್ಟೂ ಹಿರಿದು ಮಾಡುತ್ತಿದ್ದೆ.

ಈ ದಾರಿಯೇ ಹೀಗೆ. ಹತ್ತರಲ್ಲಿ ಏಳು ಸಲ ಸಣ್ಣಗೆ ಸೋಲಬೇಕು, ಯಾವಾಗಲೋ ಒಂದು ದೊಡ್ಡ ಏರಿಕೆ ಬಂದಾಗ ಬಸ್ಸಿನಲ್ಲಿ ಕೂತಿರಬೇಕು.

ಲಾರಿಗಳು ಬರುತ್ತವೆ, ಹೋಗುತ್ತವೆ. ಕೆಲವು ದಿನ ತೂಕ ಹೇಳುವುದು ಬಿಟ್ಟರೆ ಬೇರೆ ಮಾತೇ ಬಾಯಿಂದ ಬರುವುದಿಲ್ಲ. ಅದೂ ಒಂದು ನಿಯಮವೇ ಅಂತ ಇಟ್ಟುಕೋ. ಕಳೆದುಕೊಂಡರೆ ತಡೆಯಲಾರೆ ಅನ್ನುವಂಥದ್ದನ್ನು ಹೂಡಬಾರದು. ದುಡ್ಡಿಗಾದರೂ ಅಷ್ಟೇ, ಮನುಷ್ಯರಿಗಾದರೂ ಅಷ್ಟೇ.

ಮೊಂಡ


ಏಪ್ರಿಲ್ 6

ತಮ್ಮಾ,

ಗಾಬರಿಯಾಗಬೇಡ. ದೇವರಿದ್ದಾನೆ. ಮಿಲ್ಲಿನ ಪರಿಹಾರದ ಹಣ ಬಂತು. ಕಿವಿಗೆ ಮಿಷನ್ ಹಾಕಿಸಿಕೊಂಡೆ, ಚೆನ್ನಾಗಿ ಕೇಳುತ್ತದೆ. ಅದರ ಖರ್ಚು ಕಳೆದು ಮೂವತ್ತು ಸಾವಿರ ಮಿಕ್ಕಿತ್ತು, ನಿನ್ನ ಬ್ಯಾಂಕಿಗೆ ಹಾಕಿದ್ದೇನೆ. ನನಗೆ ಒಂಟಿ ಹೆಂಗಸಿಗೆ ಯಾತಕ್ಕೆ ಬೇಕು? ವಾಪಸು ಕಳಿಸುತ್ತೇನೆ ಅಂತ ಮಾತ್ರ ಬರೆಯಬೇಡ.

ಹೊತ್ತಿಗೆ ಸರಿಯಾಗಿ ಉಣ್ಣು.

ಅಕ್ಕ


ಏಪ್ರಿಲ್ 20

ಅಕ್ಕಾ!

ನಿನಗೆ ಕೇಳುತ್ತದೆ! ಕಾಗದ ಹಿಡಿದುಕೊಂಡು ಇಸ್ತ್ರಿ ಅಂಗಡಿಗೆ ಇಳಿದು ಹೋಗಿ, ನನಗೆ ಗುರುತಿಲ್ಲದ ಆ ಮನುಷ್ಯನಿಗೆ, "ನಮ್ಮಕ್ಕನಿಗೆ ಕಿವಿ ಬಂತು ರೀ" ಅಂದೆ. ಅವನು ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು, "ಹೊಸದಾಗಿ ಹುಟ್ಟಿದವರ ಹಾಗೆ ಹೇಳ್ತೀರಲ್ಲ ಸ್ವಾಮಿ" ಅಂದ. ಇಬ್ಬರೂ ನಕ್ಕೆವು. ಇಷ್ಟು ತಿಂಗಳು ಅವನ ಒಲೆಯ ಬಿಸಿಯಲ್ಲೇ ಬದುಕಿದ್ದೇನೆ, ಅವನ ದನಿ ಕೇಳಿದ್ದು ಅವತ್ತೇ.

ಇನ್ನು ಕಾಗದ ಯಾಕೆ? ಭಾನುವಾರ ಬೆಳಿಗ್ಗೆ ಹತ್ತಕ್ಕೆ ಫೋನ್ ಮಾಡುತ್ತೇನೆ. ನೀನು ಮೊದಲಿನ ಹಾಗೆ "ಏನೋ ಮೊಂಡಾ" ಅನ್ನಬೇಕು. ಬೇರೇನೂ ಬೇಡ.

ದುಡ್ಡಿನ ವಿಷಯ ಆಮೇಲೆ ಬರೆಯುತ್ತೇನೆ. ಅದು ಭದ್ರವಾಗಿದೆ.

ನಿನ್ನ ಮೊಂಡ


ಮೇ 2

ತಮ್ಮಾ,

ಇಲ್ಲಿ ಎಲ್ಲ ಸರಿಯಾಗಿದೆ. ತಪಾಸಣೆಗೆ ಹೊಸ ಮೇಜು ಬಂದಿದೆ, ಗಾಜಿನ ಕೆಳಗೆ ದೀಪ. ಬಟ್ಟೆಯನ್ನು ಅದರ ಮೇಲೆ ಎಳೆದರೆ ಒಂದು ಎಳೆ ತಪ್ಪಿದ್ದರೂ ಹೊಳೆಯುತ್ತದೆ. ನಾನು ತಪ್ಪು ಹುಡುಕುವುದರಲ್ಲಿ ಗಟ್ಟಿಗಿತ್ತಿ ಅಂತ ಹೆಸರಾಗಿದೆ. ಕಿಟಕಿಗೆ ಹೊಸ ಪರದೆ ಹೊಲಿದೆ. ದಿನವೂ ನಿನ್ನ ಹೆಸರು ಹೇಳಿ ದೀಪ ಹಚ್ಚುತ್ತೇನೆ.

ಫೋನಿಗೆಲ್ಲ ಸುಮ್ಮನೆ ದುಡ್ಡು ದಂಡ ಮಾಡಬೇಡ. ಕಾಗದವೇ ಇರಲಿ. ಕಾಗದವಾದರೆ ಮತ್ತೆ ಮತ್ತೆ ಓದಬಹುದು.

ಲೆಕ್ಕ ಬರಿ. ಹೆಂಡತಿಗೂ ಬರಿ.

ಅಕ್ಕ


ಜೂನ್ 18

ಅಕ್ಕನವರಿಗೆ,

ತಮ್ಮ ಕಾಗದ ಬಂದು ತುಂಬ ದಿನವಾಯಿತು. ಉತ್ತರ ತಡವಾದದ್ದಕ್ಕೆ ಕ್ಷಮಿಸಬೇಕು.

ಅದು ಬಂದ ಮೇಲೂ ಪ್ರತಿ ಭಾನುವಾರ ಫೋನ್ ಮಾಡಿದೆ. ಪೂರ್ತಿ ರಿಂಗಾಗಿ ನಿಲ್ಲುತ್ತಿತ್ತು. ಮೊದಲು ತಾವು ಭಜನೆಗೆ ಹೋಗಿರಬೇಕು ಅಂದುಕೊಂಡೆ. ಆಮೇಲೆ ಕಾಗದವನ್ನು ಮತ್ತೆ ಓದಿದೆ. ಫೋನು ಬೇಡ ಎಂದು ತಾವು ಮೆತ್ತಗೆ ಬರೆದದ್ದು ಅರ್ಥವಾಯಿತು.

ಹೋದ ವಾರ ನಮ್ಮಲ್ಲಿಗೆ ಬರುವ ಸಿಮೆಂಟ್ ಲಾರಿಯೊಂದು ತಮ್ಮ ಊರಿನ ಕಡೆ ಹೊರಟಿತ್ತು. ತಮಗೆ ಈಗ ಕೇಳುತ್ತದಲ್ಲ, ದೇವರ ಹಾಡು ಕೇಳಲಿ ಎಂದು ಒಂದು ಸಣ್ಣ ರೇಡಿಯೋ ಕೊಟ್ಟು ಕಳಿಸಿದೆ. ಡ್ರೈವರು ಅದನ್ನು ಹಾಗೆಯೇ ವಾಪಸು ತಂದ. "ಬಾಗಿಲು ತಟ್ಟಿದೆ ಸಾರ್. ನಿಮ್ಮ ತಮ್ಮನ ಕಡೆಯಿಂದ ಬಂದಿದೀನಿ ಅಂತ ಕೂಗಿ ಹೇಳಿದೆ. ಕಿಟಕಿಯಿಂದ ಕಾಣಿಸ್ತಿದ್ರು, ಬೆನ್ನು ಹಾಕಿ ಕೂತು ಬಟ್ಟೆ ಮಡಚ್ತಿದ್ರು. ನಿಮ್ಮ ಹೆಸರು ಹೇಳಿದ ಮೇಲೂ ತಿರುಗಲಿಲ್ಲ. ನಿಮ್ಮ ಮನೆ ಜಗಳ ನಂಗ್ಯಾಕೆ ಸಾರ್" ಅಂದ.

ತಮ್ಮ ಸಿಟ್ಟು ನ್ಯಾಯವೇ. ಏಳು ಸಲ ಸೋತವನಿಗೆ ತಾವು ಹಣ ಕೊಟ್ಟು ಕೈ ತೊಳೆದುಕೊಂಡಿರಿ. ಅದಕ್ಕಿಂತ ಹೆಚ್ಚಿನದನ್ನು ನಾನು ಕೇಳಬಾರದಾಗಿತ್ತು.

ಲೆಕ್ಕ ಕೇಳಿದ್ದಿರಿ. ಒಂದು ನಾಣ್ಯ ಏರುತ್ತಿದೆ, ನಾನು ಕಾಯುತ್ತಿದ್ದ ಏರಿಕೆ ಇದೇ ಇರಬೇಕು. ನಿಯಮದ ಪ್ರಕಾರ ಸ್ವಲ್ಪ ಕೊಂಡಿದ್ದೇನೆ. ಇನ್ನಷ್ಟು ಹಾಕು ಎಂದು ಕೈ ತುರಿಸುತ್ತಿದೆ. ಇಷ್ಟು ದಿನ, ನಾಳೆ ಅಕ್ಕನಿಗೆ ಬರೆಯಬೇಕಲ್ಲ ಎಂದು ಕೈ ತಡೆಯುತ್ತಿತ್ತು. ಈಗ ನೂರರಲ್ಲಿ ಒಂದು ಪಾಲು ಅನ್ನುವುದನ್ನು ಯಾರಿಗೋಸ್ಕರ ಕಾಯಲಿ ಎಂದು ಯೋಚಿಸುತ್ತಿದ್ದೇನೆ. ಇನ್ನು ಮುಂದೆ ತಮಗೆ ಲೆಕ್ಕ ಬರೆದು ತೊಂದರೆ ಕೊಡುವುದಿಲ್ಲ.

ಇಂತಿ,
ತಮ್ಮ


ಜೂನ್ 22

ಮೊಂಡಾ, ಮೊಂಡಾ,

ಅಂಚೆಯವನು ಈಗ ನಿನ್ನ ಕಾಗದ ಕೊಟ್ಟು ಹೋದ. ಇವತ್ತಿನ ಟಪಾಲಿಗೇ ಹಾಕಬೇಕು, ಅಕ್ಷರ ಕೆಟ್ಟರೆ ಕೆಡಲಿ.

ತಾವು ಅಂತ ಬರೆದೆಯಲ್ಲೋ. ಹುಟ್ಟಿದಾಗಿನಿಂದ ನನ್ನನ್ನು ನೀನು ಅಂದವನು. ಮಗ್ಗದ ಶೆಡ್ಡಿನಲ್ಲಿ ಒಮ್ಮೆ ಓಡುವ ಲಾಳಿ ಹಾರಿ ಬಂದು ಎದೆಗೆ ಬಡಿದಿತ್ತು, ಇಷ್ಟು ನೋಯಲಿಲ್ಲ.

ನಾನು ಮಿಷನ್ ಹಾಕಿಸಿಕೊಂಡಿಲ್ಲ. ಸುಳ್ಳು ಹೇಳಿದೆ. ಆ ಮೂವತ್ತು ಸಾವಿರವೇ ಮಿಷನ್ನಿನ ದುಡ್ಡು. ನೀನು ಏಳು ಸಲ ನಷ್ಟ ಅಂತ ಬರೆದಿದ್ದೆಯಲ್ಲ, ಅಲ್ಲಿಗೇ ನನ್ನ ಕಣ್ಣು ಕತ್ತಲಾಯಿತು, ಮುಂದಿನದು ತಲೆಗೆ ಹತ್ತಲಿಲ್ಲ. ಏಳು ಸಲ ಮನೆ ಬಿದ್ದ ಹಾಗೆ ಅನ್ನಿಸಿತು. ಬೀಳುವುದು ಬರೀ ಒಂದೊಂದು ಹೆಂಚು ಅಂತ ನೀನು ಬಿಡಿಸಿ ಬರೆದಿದ್ದೀಯ, ಆ ಕಾಗದ ಮತ್ತೆ ತೆಗೆದು ಅದನ್ನು ಇವತ್ತು ಓದಿದೆ.

ನಿನ್ನ ಡ್ರೈವರು ಬಾಗಿಲು ತಟ್ಟಿದ್ದು ನನಗೆ ಕೇಳಲಿಲ್ಲ ಕಣೋ. ನಿನ್ನ ಹೆಸರು ಹೇಳಿದನಂತೆ. ಆ ಹೆಸರು ಹೇಳಿ ದಿನವೂ ದೀಪ ಹಚ್ಚುವವಳಿಗೆ ಅದು ಬೆನ್ನ ಹಿಂದೆ ಬಂದು ವಾಪಸು ಹೋದದ್ದು ಗೊತ್ತಾಗಲಿಲ್ಲ.

ಫೋನಿನ ಮಾತು. ಭಾನುವಾರ ನಾನು ಭಜನೆಗೆ ಹೋಗುತ್ತಿರಲಿಲ್ಲ. ಹೋಗುತ್ತೇನೆ, ಸುಮ್ಮನೆ ಕೂರುತ್ತೇನೆ ಅಂತ ಹಿಂದೆ ಬರೆದದ್ದೂ ಸುಳ್ಳೇ, ಹೋಗುವುದು ಬಿಟ್ಟು ತುಂಬ ದಿನವಾಯಿತು. ಬೇರೆಯವರು ನಿಲ್ಲಿಸಿದ ಮೇಲೂ ನಾನೊಬ್ಬಳೇ ಹಾಡುತ್ತಿದ್ದೆನಂತೆ, ಒಬ್ಬಾಕೆ ಬಂದು ಮೊಣಕೈ ಹಿಡಿದು ಕೂರಿಸಿದಳು. ಅವತ್ತಿನಿಂದ ಮನೆಯಲ್ಲೇ ದೇವರು. ನೀನು ಭಾನುವಾರ ಅಂತ ಬರೆದಿದ್ದೆಯಲ್ಲ, ಸ್ನಾನ ಮಾಡಿ ಫೋನನ್ನು ಅಂಗೈಯಲ್ಲಿ ಇಟ್ಟುಕೊಂಡು ಕೂರುತ್ತಿದ್ದೆ. ಅದು ನಡುಗುತ್ತಿತ್ತು. ಇವನೇ, ನಮ್ಮ ಮೊಂಡನೇ ಅಂತ ಕೈಗೆ ಗೊತ್ತಾಗುತ್ತಿತ್ತು. ಎತ್ತಿದರೆ ನನ್ನ ಸುಳ್ಳು ಗೊತ್ತಾಗಿ ನೀನು ದುಡ್ಡು ವಾಪಸು ಕಳಿಸುತ್ತೀಯ, ಮತ್ತೆ ಬೀದಿಗೆ ಬೀಳುತ್ತೀಯ ಅಂತ ಹೆದರಿಕೆ. ಅದಕ್ಕೆ ನಡುಕ ನಿಲ್ಲುವ ತನಕ ಎರಡೂ ಕೈಯಲ್ಲಿ ಮುಚ್ಚಿ ಹಿಡಿದುಕೊಳ್ಳುತ್ತಿದ್ದೆ, ಚಳಿಯಲ್ಲಿ ಗುಬ್ಬಿಮರಿ ಹಿಡಿದ ಹಾಗೆ. ನಿಂತ ಮೇಲೆ ಮುಂದಿನ ಭಾನುವಾರಕ್ಕೆ ಕಾಯುತ್ತಿದ್ದೆ. ವಾರದಲ್ಲಿ ನನಗಿದ್ದ ಸುಖ ಅದೊಂದೇ.

ನಿನಗೆ ಪಿನ್ನು ಕಟ್ಟಬೇಡ ಅಂತ ಬುದ್ಧಿ ಹೇಳಿದೆ. ಕಟ್ಟಿದವಳು ನಾನು. ಇದ್ದದ್ದನ್ನೆಲ್ಲ ಒಂದೇ ಸಲ ಸುರಿದವಳು ನಾನು, ಅದೂ ಯಾರಿಗೂ ಹೇಳದೆ. ನಿನ್ನ ಹೆಂಡತಿ ಅವತ್ತು ಕೂಗಿದ ಮಾತು ಈಗ ನನಗೆ ತಗಲಿತು.

ಈಗ ನಿನ್ನ ಸಾಕ್ಷಿ ಹೇಳುತ್ತಿದ್ದೇನೆ, ಕೇಳು. ಹೆಚ್ಚು ಹಾಕಿದ್ದರೆ ತೆಗೆ. ನೂರರಲ್ಲಿ ಒಂದು ಪಾಲು ನನಗೋಸ್ಕರ ಕಾಯಿ. ನಾನು ಸಿಟ್ಟಾಗಿಲ್ಲ. ಒಂದು ದಿನವೂ ಆಗಿರಲಿಲ್ಲ.

ಅಕ್ಕ


ಜುಲೈ 5

ಅಕ್ಕಾ,

ನಿನ್ನ ಕಾಗದವನ್ನು ತೂಕದ ಗೂಡಿನಲ್ಲಿ ಒಡೆದೆ. ಕಟ್ಟೆಯ ಮೇಲೆ ಲಾರಿ ನಿಂತಿತ್ತು. "ಏನ್ ಸಾರ್, ತೂಕ ಹೇಳ್ರೀ, ಇಲ್ಲೇ ಮನೆ ಮಾಡ್ಕೊಳ್ಲಾ?" ಅಂತ ಅವನು ಹಾರ್ನ್ ಹೊಡೆಯುತ್ತಿದ್ದ. ಅಂಕಿ ಕಣ್ಣಿಗೆ ಮಸುಕಾಗಿತ್ತು. ಎರಡು ಸಲ ತಪ್ಪು ಓದಿದೆ.

ನಿನ್ನ ಕಾಗದ ಬರುವ ಹೊತ್ತಿಗೆ ಅರ್ಧ ಹಾಕಿಯಾಗಿತ್ತು. ಇದ್ದದ್ದರಲ್ಲಿ ಅರ್ಧ, ಒಂದೇ ನಾಣ್ಯದ ಮೇಲೆ. ಎಳೆದ ಗೆರೆಯನ್ನೂ ಅಳಿಸಿದ್ದೆ. ಹಾಕಿದಾಗ ಖುಷಿಯೂ ಆಗಲಿಲ್ಲ, ಭಯವೂ ಆಗಲಿಲ್ಲ. ಏನೂ ಆಗಲಿಲ್ಲ. ಅದೇ ಕೆಟ್ಟದ್ದು.

ಅವತ್ತೇ ಹೆಚ್ಚಿನದನ್ನು ಮಾರಿದೆ. ನಿಯಮದಷ್ಟು ಮಾತ್ರ ಉಳಿಸಿಕೊಂಡು ಗೆರೆ ಮತ್ತೆ ಎಳೆದೆ. ಆಮೇಲೆ ಅದು ಬಿತ್ತು ಅಂದುಕೊಂಡೆಯಾ? ಇಲ್ಲ. ಇನ್ನೂ ಏರುತ್ತಿದೆ. ಬಿಟ್ಟಿದ್ದರೆ ಇಷ್ಟು ಹೊತ್ತಿಗೆ ಮನೆಗೆ ಪಾಯ ಹಾಕುವಷ್ಟು ಆಗುತ್ತಿತ್ತು. ಏರಿದ್ದೇ ಒಳ್ಳೆಯದಾಯಿತು ಅಕ್ಕ. ಬಿದ್ದಿದ್ದರೆ ಉಳಿದೆನಲ್ಲ ಅಂತ ತೆಗೆದ ಹಾಗಾಗುತ್ತಿತ್ತು. ನೀನು ಹೇಳಿದೆ ಅಂತ ತೆಗೆದೆ, ಅಷ್ಟೇ ಇರಲಿ.

ಇನ್ನು ನಿನ್ನ ಮೂವತ್ತು ಸಾವಿರ. ಅದು ಭದ್ರವಾಗಿದೆ ಅಂತ ಬರೆದಿದ್ದೆನಲ್ಲ, ವ್ಯಾಪಾರಕ್ಕೆ ಹಾಕಿ ಸಂಭಾಳಿಸುತ್ತಿದ್ದೇನೆ ಅಂತ ನೀನು ತಿಳಿದಿರಬೇಕು. ಅದನ್ನು ನಾನು ಮುಟ್ಟಿಲ್ಲ. ನನ್ನ ಲೆಕ್ಕದಲ್ಲಿ ಸೇರಿಸಿಲ್ಲ. ಬ್ಯಾಂಕಿನಲ್ಲಿ ಬಂದ ಹಾಗೇ ಬಿದ್ದಿತ್ತು. ಅದನ್ನು ಕಳೆದುಕೊಂಡರೆ ನಾನು ತಡೆಯಲಾರೆ, ತಡೆಯಲಾರದ್ದನ್ನು ಹೂಡಬಾರದು ಅಂತ. ನೀನು ನನಗೋಸ್ಕರ ಕಿವುಡಿಯಾಗಿ ಕೂತಿದ್ದಷ್ಟು ದಿನವೂ ನಿನ್ನ ಕಿವಿ ಇಲ್ಲಿ ನನ್ನ ಹೆಸರಿನಲ್ಲಿ ಸುಮ್ಮನೆ ಮಲಗಿತ್ತು.

ಇವತ್ತು ವಾಪಸು ಹಾಕಿದ್ದೇನೆ. ನಾಳೆಯೇ ಡಾಕ್ಟರ ಹತ್ತಿರ ಹೋಗು. ಹೋಗಿ ಬಂದು ಬರಿ, ಸುಳ್ಳು ಬರೆದರೆ ಲಾರಿ ಹತ್ತಿ ನಾನೇ ಬರುತ್ತೇನೆ.

ಹೆಂಡತಿಗೆ ಬರೆದೆಯಾ ಅಂತ ನೀನು ಕೇಳುತ್ತಿದ್ದೆ. ಇದುವರೆಗೆ ಬರೆದಿರಲಿಲ್ಲ. ಬರೆಯಲು ಕೂತಾಗಲೆಲ್ಲ ಎರಡು ವರ್ಷದ್ದನ್ನೂ ಒಂದೇ ಕಾಗದದಲ್ಲಿ ಹೇರಲು ಹೋಗುತ್ತಿದ್ದೆ, ಹರಿದು ಹಾಕುತ್ತಿದ್ದೆ. ಮೊನ್ನೆ ಒಂದೇ ಸಾಲು ಬರೆದು ಕಳಿಸಿದೆ: "ನಿನಗೆ ಹೇಳದೆ ಮಾಡಿದೆ, ಅದು ತಪ್ಪು." ಉತ್ತರ ಬಂದಿಲ್ಲ. ಬರದಿದ್ದರೆ ಹೋದದ್ದು ಒಂದು ಸಾಲು. ಮುಂದಿನ ತಿಂಗಳು ಇನ್ನೊಂದು ಬರೆಯುತ್ತೇನೆ.

ನಿನ್ನ ಮೊಂಡ


ಆಗಸ್ಟ್ 11

ಮೊಂಡಾ,

ಇವತ್ತು ಬೆಳಿಗ್ಗೆ ಫೋನ್ ಮಾಡಿದವನು ನೀನೇ ತಾನೆ? ಮನಸ್ಸಿಗೆ ಹಚ್ಚಿಕೊಳ್ಳಬೇಡ, ಈ ಕಾಗದ ಪೂರ್ತಿ ಓದು. ನನ್ನ ಹಾಗೆ ಅರ್ಧಕ್ಕೆ ನಿಲ್ಲಿಸಬೇಡ.

ಹೋದ ಸೋಮವಾರ ಮಿಷನ್ ಹಾಕಿದರು. ಎರಡೂ ಕಿವಿಯ ಹಿಂದೆ ಹುಣಸೆಬೀಜದಷ್ಟು ಗಾತ್ರದ್ದು. ಹಾಕಿದ ಕೂಡಲೇ ನಿನ್ನ ದನಿ, ದೇವರ ಹಾಡು ಎಲ್ಲ ಹರಿದು ಬರುತ್ತದೆ ಅಂದುಕೊಂಡಿದ್ದೆ. ಬಂದದ್ದು ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದ ಸದ್ದು. ಚಮಚ ಕೆಳಗಿಟ್ಟರೆ ಸಿಡಿಲು. ನಲ್ಲಿ ತೊಟ್ಟಿಕ್ಕುವುದು, ಪರದೆ ಗೋಡೆಗೆ ಉಜ್ಜುವುದು, ನನ್ನದೇ ಚಪ್ಪಲಿ, ಯಾರೋ ಹಿಂದೆ ಬರುತ್ತಿದ್ದಾರೆ ಅಂತ ಎರಡು ಸಲ ತಿರುಗಿ ನೋಡಿದೆ. ಮನೆಯಲ್ಲಿ ನಾನೊಬ್ಬಳೇ ಇದ್ದೇನೆ ಅನ್ನುವುದು ಇಷ್ಟು ಗಟ್ಟಿಯಾಗಿ ಯಾವತ್ತೂ ಕೇಳಿಸಿರಲಿಲ್ಲ.

ಧೈರ್ಯ ಮಾಡಿ ಭಜನೆಗೂ ಹೋದೆ. ಮೆಲ್ಲಗೆ ಹಾಡಿದೆ. ತಾಳ ಒಂದು ಕಡೆ, ನಾನು ಒಂದು ಕಡೆ. ನನ್ನನ್ನು ಕೂರಿಸಿದವಳದ್ದು ಪಾಪ ಏನೂ ತಪ್ಪಿಲ್ಲ. ಅಷ್ಟು ದಿನ ಸಹಿಸಿದ್ದಾಳಲ್ಲ, ಅವಳಿಗೇ ಪುಣ್ಯ.

ಇವತ್ತು ಹತ್ತು ಗಂಟೆಗೆ ಫೋನು ಕಿರುಚಿತು. ನಾನು ಅಂಗೈಯಲ್ಲಿ ಇಟ್ಟುಕೊಂಡಿರಲಿಲ್ಲ, ಈಗ ಕಿವಿ ಇದೆಯಲ್ಲ ಅಂತ ಮೇಜಿನ ಮೇಲಿಟ್ಟಿದ್ದೆ. ಓಡಿ ಹೋಗಿ ಎತ್ತಿದೆ. ಆ ಕಡೆಯಿಂದ ಯಾರೋ ಗಂಡಸು, ತಗಡು ಕೆರೆದ ಹಾಗಿರುವ ದನಿ, "ಅಕ್ಕಾ" ಅಂದ. ನಿನ್ನ ದನಿ ನನಗೆ ಗೊತ್ತಿಲ್ಲವೇ? ಇದು ಅದಲ್ಲ. ಅಕ್ಕಾ ಅಂತ ಸೊಪ್ಪು ಮಾರುವವನೂ ಕರೆಯುತ್ತಾನೆ. "ನಂಬರ್ ತಪ್ಪಿದೆ ಕಣಪ್ಪ" ಅಂತ ಹೇಳಿ ಇಟ್ಟುಬಿಟ್ಟೆ. ಇಟ್ಟು, ನನ್ನ ತಮ್ಮನ ಫೋನು ಬರುವ ಹೊತ್ತಾಯಿತು ಅಂತ ಅಲ್ಲೇ ಕುರ್ಚಿ ಎಳೆದುಕೊಂಡು ಕೂತೆ. ಕೂತು ಕೂತು ಹನ್ನೊಂದಾಯಿತು. ಆಗ ಹೊಳೆಯಿತು.

ಡಾಕ್ಟರು ಮೊದಲೇ ಹೇಳಿದ್ದ ಕಣೋ, ತಡ ಮಾಡಿದರೆ ಕಿವಿ ಮಾತು ಮರೆಯುತ್ತೆ ಅಂತ. ನಿನ್ನ ದನಿಯನ್ನೇ ಮರೆಯುತ್ತೆ ಅಂತ ನಾನು ಎಣಿಸಿರಲಿಲ್ಲ. ಇದರಲ್ಲಿ ನಿನ್ನ ತಪ್ಪಿಲ್ಲ. ಅಳುವುದನ್ನು ಅತ್ತು ಮುಗಿಸಿ ಬರೆಯುತ್ತಿದ್ದೇನೆ.

ಅವನೇ ಚೀಟಿಯಲ್ಲಿ ಇನ್ನೊಂದು ಮಾತೂ ಬರೆದು ಕೊಟ್ಟಿದ್ದಾನೆ. "ಅಮ್ಮ, ಒಂದೇ ಸಲ ದಿನವಿಡೀ ಹಾಕ್ಕೋಬೇಡಿ. ಮೊದಮೊದಲು ಒಂದು ಗಂಟೆ. ಒಬ್ಬರ ದನಿ ಹಿಡಿದುಕೊಂಡು ಅದನ್ನೇ ಸ್ವಲ್ಪ ಸ್ವಲ್ಪ ಕೇಳಿ. ತುಂಬ ಸಲ ಗುರುತು ತಪ್ಪುತ್ತೆ, ಬೇಜಾರು ಮಾಡ್ಕೋಬೇಡಿ. ಒಂದು ದಿನ ತಾನಾಗೇ ಹಿಡಿಯುತ್ತೆ." ಓದುತ್ತ ಓದುತ್ತ ನನಗೆ ನಗು ಬಂತು. "ಇದು ನಮ್ಮ ಮೊಂಡನ ವ್ಯಾಪಾರ" ಅಂದೆ. ಅವನಿಗೆ ತಿಳಿಯಲಿಲ್ಲ.

ಆದ್ದರಿಂದ ಹೀಗೆ ಮಾಡು. ಮುಂದಿನ ಭಾನುವಾರ ಫೋನ್ ಮಾಡಿ ಬರೀ "ಅಕ್ಕಾ" ಅನ್ನು, ಇಟ್ಟುಬಿಡು. ನಾನು ಗುರುತು ಹಿಡಿಯದಿದ್ದರೆ ಹೋಗುವುದು ಒಂದು ಮಾತು, ಅಷ್ಟೇ. ಅದರ ಮುಂದಿನ ವಾರ ಮತ್ತೆ ಅನ್ನು. ಅದು ಹತ್ತಿದ ಮೇಲೆ ಎರಡು ಮಾತು, ಆಮೇಲೆ ಮೂರು. ನಾನು "ಏನೋ ಮೊಂಡಾ" ಅನ್ನುವ ದಿನ ಯಾವತ್ತು ಬರುತ್ತದೋ ದೇವರಿಗೇ ಗೊತ್ತು. ಬರುವ ತನಕ ಇಬ್ಬರೂ ಸಣ್ಣಗೆ ಸೋಲೋಣ.

ಫೋನನ್ನು ಇನ್ನು ಮೇಜಿನ ಮೇಲೆ ಇಡುವುದಿಲ್ಲ. ಮೊದಲಿನ ಹಾಗೆ ಎರಡೂ ಕೈಯಲ್ಲಿ ಹಿಡಿದು ಕೂರುತ್ತೇನೆ. ಕಿವಿಗೆ ನೀನು ಯಾರೋ ಆಗಿದ್ದೀಯ, ಕೈಗೆ ಆಗಿಲ್ಲ.

ಅಕ್ಕ